ನಿಮಗಿದು ಗೊತ್ತೇ? ಇಂಗ್ಲಿಷ್ ಪದಗಳ ಬೇರು, ಬಾಲ, ಬಂಧುಬಳಗ

ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ ಉರುಹೊಡೆದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಬೇರು ಹಿಡಿದು ಕಲಿತರೆ ಒಂದು ಪದದ ಬೆನ್ನಿಗೆ ಹತ್ತು ಬರುತ್ತವೆ. ಸಂಧಿ, ಸಮಾಸ, ವಿಭಕ್ತಿ ಓದಿದ ಕನ್ನಡಿಗರಿಗೆ ಈ ದಾರಿ ಹೊಸದೇನೂ ಅಲ್ಲ. ನೋಡಿ:

● ನಾವು ದಿನಾ ಹತ್ತುವ ‘ಬಸ್’ ಪೂರ್ತಿ ಪದವೇ ಅಲ್ಲ, ಬರೀ ಬಾಲ! ಪೂರ್ತಿ ಪದ ಲ್ಯಾಟಿನ್ನಿನ ‘ಆಮ್ನಿಬಸ್’, ಅಂದರೆ ‘ಎಲ್ಲರಿಗೂ’. ‘ಎಲ್ಲ’ ಎಂಬ ಅರ್ಥ ಇರುವುದು ‘ಆಮ್ನಿ’ಯಲ್ಲಿ, ಕೊನೆಯ ‘ಬಸ್’ ನಮ್ಮ ‘ಗೆ, ಕ್ಕೆ’ಗಳಂಥ ವಿಭಕ್ತಿ ಪ್ರತ್ಯಯದ ತುಂಡು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ, ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರು ಬಿತ್ತು. ಬೇರು ಗೊತ್ತಾದ ಮೇಲೆ ‘ಆಮ್ನಿಪ್ರೆಸೆಂಟ್’ ಸರ್ವವ್ಯಾಪಿ, ‘ಆಮ್ನಿಪೊಟೆಂಟ್’ ಸರ್ವಶಕ್ತ ಎಂದು ಯಾರೂ ಹೇಳಿಕೊಡಬೇಕಿಲ್ಲ.

● ‘ಹೆಲಿಕಾಪ್ಟರ್’ ಪದವನ್ನು ‘ಹೆಲಿ’, ‘ಕಾಪ್ಟರ್’ ಎಂದು ಬಿಡಿಸಿದರೆ ತಪ್ಪು. ಗ್ರೀಕ್‌ನ ‘ಹೆಲಿಕೋ’ ಅಂದರೆ ಸುರುಳಿ, ‘ಪ್ಟೆರ್’ ಅಂದರೆ ರೆಕ್ಕೆ. ಆದರೂ ತಪ್ಪಾಗಿ ಬಿಡಿಸಿದ ‘ಹೆಲಿ’ಯಿಂದಲೇ ‘ಹೆಲಿಪ್ಯಾಡ್’ ಹುಟ್ಟಿತು.

● ಡಾಕ್ಟರ ಚೀಟಿಯಲ್ಲಿ ಕಾಣುವ ‘ಐಟಿಸ್’ ಬಾಲಕ್ಕೆ ಗ್ರೀಕ್‌ನಲ್ಲಿದ್ದ ಅರ್ಥ ‘ಸಂಬಂಧಪಟ್ಟ’ ಎಂದಷ್ಟೇ. ‘ಆರ್ತ್ರೈಟಿಸ್’ ಅಂದರೆ ‘ಕೀಲಿಗೆ ಸಂಬಂಧಪಟ್ಟ ರೋಗ’. ಬರಬರುತ್ತಾ ‘ರೋಗ’ ಬಿಟ್ಟುಹೋಗಿ ಬಾಲ ಉಳಿಯಿತು. ಆಮೇಲೆ ವೈದ್ಯರು ಅದನ್ನು ಉರಿಯೂತಕ್ಕೇ ಮೀಸಲಿಟ್ಟರು. ‘ಗ್ಯಾಸ್ಟ್ರೈಟಿಸ್’ ಜಠರದ ಉರಿಯೂತ, ‘ಹೆಪಟೈಟಿಸ್’ ಯಕೃತ್ತಿನದು. ‘ಅಪೆಂಡಿಸೈಟಿಸ್’ ಎಂಬ ಹೆಸರನ್ನು 1886ರಲ್ಲಿ ಬಳಕೆಗೆ ತಂದವರು ಅಮೆರಿಕದ ವೈದ್ಯ ರೆಜಿನಾಲ್ಡ್ ಫಿಟ್ಜ್. ಅದೇ ಚೀಟಿಯಲ್ಲಿ ‘ಸ್ಕೋಪಿ’ ಇದ್ದರೆ ನೋಡುವುದು, ‘ಎಕ್ಟಮಿ’ ಇದ್ದರೆ ಕತ್ತರಿಸಿ ತೆಗೆಯುವುದು. ಇಷ್ಟು ತಿಳಿದಿದ್ದರೆ ರಿಪೋರ್ಟ್ ಕೈಗೆ ಬಂದಾಗ ಕಂಗಾಲಾಗಬೇಕಿಲ್ಲ.

● ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯೀ’ ಎಂದು ಬರೆಯುತ್ತೇವಲ್ಲ, ಆ ಕೊನೆಯ ‘ಈ’ ಫ್ರೆಂಚ್ ಮೂಲದ ಪ್ರತ್ಯಯ. ಹಣ ಕೊಡುವವರು ‘ಪೇಯರ್’, ಪಡೆಯುವವರು ‘ಪೇಯೀ’. ಕೆಲಸ ಕೊಟ್ಟವರು ‘ಎಂಪ್ಲಾಯರ್’, ಸೇರಿದವರು ‘ಎಂಪ್ಲಾಯೀ’. ಬ್ಯಾಂಕಿನ ಅರ್ಜಿಯಲ್ಲಿ ಕೇಳುವ ‘ನಾಮಿನಿ’ಯ ಕೊನೆಯಲ್ಲಿರುವುದೂ ಇದೇ: ಹೆಸರಿಸಲ್ಪಟ್ಟವರು.

● ‘ಇನ್’ ಸೇರಿಸಿದರೆ ವಿರುದ್ಧಾರ್ಥ: ‘ಇನ್‌ಕರೆಕ್ಟ್’. ಹಾಗಾದರೆ ‘ಲೀಗಲ್’ಗೆ ‘ಇಲ್ಲೀಗಲ್’, ‘ರೆಗ್ಯುಲರ್’ಗೆ ‘ಇರ್ರೆಗ್ಯುಲರ್’, ‘ಪಾಸಿಬಲ್’ಗೆ ‘ಇಂಪಾಸಿಬಲ್’ ಏಕೆ? ಇದು ಸಂಧಿ! ಉತ್ + ಲಾಸ ಸೇರಿ ‘ಉಲ್ಲಾಸ’, ಸತ್ + ಜನ ಸೇರಿ ‘ಸಜ್ಜನ’ ಆಗುವ ಹಾಗೆಯೇ ‘ಇನ್’ನ ಕೊನೆಯ ಧ್ವನಿ ಮುಂದಿನ ಧ್ವನಿಗೆ ಹೊಂದಿಕೊಳ್ಳುತ್ತದೆ. ಸ್ಪೆಲಿಂಗಿನಲ್ಲಿ ಎರಡು ‘ಎಲ್’, ಎರಡು ‘ಆರ್’ ಬರುವುದು ಈ ಕಾರಣಕ್ಕೆ. ಸಂಧಿ ಬಿಡಿಸಿ ನೋಡುವ ಮಕ್ಕಳು ಇಲ್ಲಿ ಸ್ಪೆಲಿಂಗ್ ತಪ್ಪುವುದಿಲ್ಲ.

● ಆದರೆ ಎಚ್ಚರ! ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆದ ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತದ್ದು ಎಂದಲ್ಲ, ಥಟ್ಟನೆ ಹೊತ್ತಿಕೊಳ್ಳುವಂಥದ್ದು. ಇಲ್ಲಿನ ‘ಇನ್’ ಬೇರೆ, ಅದರ ಅರ್ಥ ‘ಒಳಗೆ’. ಈ ಗೊಂದಲ ಜೀವಕ್ಕೇ ಕುತ್ತು ತರಬಹುದೆಂದು ಸುರಕ್ಷತಾ ತಜ್ಞರು ‘ಫ್ಲೇಮಬಲ್’ ಎಂದು ಬರೆಯುವುದನ್ನೇ ಮೆಚ್ಚುತ್ತಾರೆ. ಎರಡಕ್ಕೂ ಅರ್ಥ ಒಂದೇ.

● ದಂತ–ಡೆಂಟಿಸ್ಟ್, ಪಾದ–ಪೆಡಲ್, ಅಗ್ನಿ–ಇಗ್ನಿಷನ್, ನೌಕಾ–ನೇವಿ, ನಾಮ–ನಾಮಿನಿ. ಈ ಹೋಲಿಕೆ ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಕವಲೊಡೆದಿರಬೇಕೆಂದು 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಹೇಳಿದರು. ಕನ್ನಡ ದ್ರಾವಿಡ ಭಾಷೆ, ನಿಜ. ಆದರೆ ನಮ್ಮಲ್ಲಿ ಬಳಕೆಯಲ್ಲಿರುವ ಸಂಸ್ಕೃತ ಪದಗಳು ಲ್ಯಾಟಿನ್ ಬೇರುಗಳನ್ನು ಗುರುತಿಸಲು ಬಹಳ ನೆರವಾಗುತ್ತವೆ.

● ಸಪ್ತ, ಅಷ್ಟ, ನವ, ದಶ ಎನ್ನುತ್ತಾ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದು ಹೇಳಿ ನೋಡಿ. ಹಳೆಯ ರೋಮನ್ ವರ್ಷ ಮಾರ್ಚಿನಲ್ಲಿ ಶುರುವಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯ ತಿಂಗಳು!

● ನಮ್ಮ ‘ಶೂನ್ಯ’ವನ್ನು ಅರಬರು ‘ಸಿಫ್ರ್’ ಎಂದು ಅನುವಾದಿಸಿದರು. ಅದು ಯುರೋಪ್ ಸುತ್ತಿ ಇಂಗ್ಲಿಷಿಗೆ ಎರಡು ವೇಷದಲ್ಲಿ ಬಂತು: ಒಂದು ‘ಜೀರೋ’, ಇನ್ನೊಂದು ‘ಸೈಫರ್’. ಗುಪ್ತಲಿಪಿ ಬಿಡಿಸುವ ‘ಡಿಸೈಫರ್’ ಕೂಡ ಶೂನ್ಯದ ಮರಿಮಗು.

● ಕ್ರಿಕೆಟ್ಟಿನ ‘ಅಂಪೈರ್’ ಮೊದಲು ‘ನಂಪೈರ್’ ಥರದ ಪದ. ‘ಎ ನಂಪೈರ್’ ಎನ್ನುವುದು ಕಿವಿಗೆ ‘ಆನ್ ಅಂಪೈರ್’ ಎಂದು ಕೇಳಿಸಿ ‘ನ’ಕಾರ ಜಾರಿಹೋಯಿತು. ಅಡುಗೆಮನೆಯ ‘ಏಪ್ರನ್’ ಕತೆಯೂ ಇದೇ.

● ಹಲಸಿನ ‘ಜ್ಯಾಕ್’, ತೇಗದ ‘ಟೀಕ್’, ಅಡಿಕೆಯ ‘ಅರೆಕಾ’ ಮೂರೂ ಇಂಗ್ಲಿಷಿಗೆ ಹೋದದ್ದು ಪೋರ್ಚುಗೀಸರ ಮೂಲಕ. ಅವರು ಕೇಳಿಸಿಕೊಂಡದ್ದು ಮಲಯಾಳದ ‘ಚಕ್ಕ’, ‘ತೇಕ್ಕ್’, ‘ಅಡಯ್ಕ’. ನಮ್ಮ ತೇಗ, ಅಡಿಕೆ ಇವುಗಳ ಒಡಹುಟ್ಟಿದವು.

● ಕುರಿ ಹಟ್ಟಿಯಲ್ಲಿದ್ದಾಗ ‘ಶೀಪ್’, ತಟ್ಟೆಗೆ ಬಂದಾಗ ‘ಮಟನ್’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಊಟದ ಮೇಜಿನಲ್ಲಿ ಫ್ರೆಂಚ್ ಪದ ನಿಂತಿತು, ಮೇಯಿಸುವವರ ಬಾಯಲ್ಲಿ ಇಂಗ್ಲಿಷ್ ಪದ ಉಳಿಯಿತು.

● ‘ಸ್ಟೇಷನರಿ’ಯ ಕೊನೆಯಲ್ಲಿ ‘ಎ ಆರ್ ವೈ’ಯೋ ‘ಇ ಆರ್ ವೈ’ಯೋ? ನಿಂತಲ್ಲೇ ನಿಂತಿರುವುದಕ್ಕೆ ‘ಎ’, ಕಾಗದ ಪೆನ್ನಿಗೆ ‘ಇ’. ಎರಡರ ಬೇರೂ ಒಂದೇ. ಮಧ್ಯಯುಗದಲ್ಲಿ ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಇಟ್ಟುಕೊಂಡ ಪುಸ್ತಕ ವ್ಯಾಪಾರಿಯನ್ನು ‘ಸ್ಟೇಷನರ್’ ಎಂದರು. ಅವನ ಸರಕು ‘ಸ್ಟೇಷನರಿ’. ವ್ಯಾಪಾರಿಯ ಹೆಸರಿನ ‘ಇ ಆರ್’ ನೆನಪಿದ್ದರೆ ಅಂಗಡಿಯ ಬೋರ್ಡು ತಪ್ಪಾಗದು.

● ‘ಕಾಂಪ್ಲಿಮೆಂಟ್’ನ ನಡುವೆ ‘ಐ’ ಇದ್ದರೆ ಮೆಚ್ಚುಗೆ, ‘ಇ’ ಇದ್ದರೆ ಪೂರಕ. ‘ಕಂಪ್ಲೀಟ್’ನಲ್ಲಿರುವ ‘ಇ’ ನೆನಪಿಟ್ಟುಕೊಳ್ಳಿ, ಸಾಕು.

● ‘ಪೋಸ್ಟ್‌ಪೋನ್’ನ ‘ಪೋನ್’ ಎಂದರೆ ಇಡು, ನಂತರಕ್ಕೆ ಇಡು. ಅದೇ ಜಾಡಿನಲ್ಲಿ ಭಾರತೀಯರು ರೂಢಿಗೆ ತಂದ ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. 2016ರಲ್ಲಿ ನಮ್ಮ ‘ಅಯ್ಯೋ’ ಕೂಡ ಅದರೊಳಗೆ ಸೇರಿತು!

● ಕೊನೆಯದಾಗಿ, ಮನೆಯ ಮಕ್ಕಳಿಗೆ ಒಂದು ಬೇರು. ಲ್ಯಾಟಿನ್ನಿನ ‘ಪೋರ್ಟ್’ ಎಂದರೆ ಹೊರು, ಸಾಗಿಸು. ಒಳಕ್ಕೆ ತಂದರೆ ‘ಇಂಪೋರ್ಟ್’, ಹೊರಕ್ಕೆ ಕಳಿಸಿದರೆ ‘ಎಕ್ಸ್‌ಪೋರ್ಟ್’, ಆಚೆಗೆ ಸಾಗಿಸಿದರೆ ‘ಟ್ರಾನ್ಸ್‌ಪೋರ್ಟ್’, ಹೊತ್ತೊಯ್ಯಬಹುದಾದರೆ ‘ಪೋರ್ಟಬಲ್’, ಸುದ್ದಿಯನ್ನು ಮರಳಿ ಹೊತ್ತು ತಂದರೆ ‘ರಿಪೋರ್ಟ್’, ರೈಲ್ವೆ ನಿಲ್ದಾಣದಲ್ಲಿ ಹೊರೆ ಹೊರುವವರು ‘ಪೋರ್ಟರ್’. ಒಂದು ಬೇರಿಗೆ ಆರು ಪದ. ಮುಂದಿನ ಬೇರನ್ನು ಮಕ್ಕಳೇ ನಿಘಂಟು ತೆರೆದು ಹುಡುಕಲಿ.