ಪ್ರಬಂಧದ ಎಣಿಕೆಯೂ ಅದರ ಬೆಲೆಯೂ
(ಸಂಶೋಧನಾ ವಿದ್ಯಾರ್ಥಿವೇತನದ ಅರ್ಜಿದಾರರ ಗಮನಕ್ಕೆ)

ಸಂಶೋಧನಾ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಪ್ರಕಟವಾದ ಪ್ರಬಂಧಗಳು’ ಎಂಬ ಕಾಲಂ ಬಂದಾಗ ನಮ್ಮ ಮಕ್ಕಳು ತಡವರಿಸುತ್ತಾರೆ. ತುಮಕೂರಿನಲ್ಲಿ ಓದುವವರಿಗೂ, ಗುಬ್ಬಿ, ಕುಣಿಗಲ್ ಕಡೆಯಿಂದ ಮನೆಯ ಮೊದಲ ಪದವೀಧರರಾಗಿ ಬರುವವರಿಗೂ ಒಂದೇ ಪ್ರಶ್ನೆ: ಎಷ್ಟು ಪ್ರಬಂಧ ಇರಬೇಕು, ಎಷ್ಟು ಸೈಟೇಶನ್ ಇರಬೇಕು? ಆ ಸಂಖ್ಯೆ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಉದಾಹರಣೆ ನಮ್ಮ ಬಚ್ಚಲುಮನೆಯಲ್ಲೇ ಇದೆ.

ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಬೇಗಬೇಗ ತಲೆಗೆ ಹೊಯ್ದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಮನೆಯವರು ಗಾಳಿ ಸೋಕಿತು ಎಂದುಕೊಳ್ಳುವುದುಂಟು. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ನ್ಯೂಜಿಲೆಂಡಿನಿಂದ 1945ರಲ್ಲೇ ಇಂಥದೊಂದು ವರದಿ ಬಂದಿತ್ತು. ಆದರೆ ಹೆಚ್ಚು ರೋಗಿಗಳು ಕಂಡದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗತಜ್ಞ ಡಾ. ಕೆ.ಎಸ್. ಮಣಿ ಇದನ್ನು ಇಲ್ಲಿ ಮೊದಲು ದಾಖಲಿಸಿದವರಲ್ಲಿ ಒಬ್ಬರು. ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳನ್ನು ಪರಿಶೀಲಿಸಿ, 1988ರಲ್ಲಿ ‘ಎಪಿಲೆಪ್ಸಿಯಾ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಇದೇ ಸತೀಶ್ಚಂದ್ರ ಅವರು ಆಮೇಲೆ ನಿಮ್ಹಾನ್ಸ್ ನಿರ್ದೇಶಕರೂ ಆದರು.

ಒಂದು ಪ್ರಬಂಧವನ್ನು ಬೇರೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. ಬಿಸಿನೀರಿನ ಮೂರ್ಛೆಯ ಬಗ್ಗೆ ಬರೆಯುವವರು ಜಗತ್ತಿನಲ್ಲಿ ಎಷ್ಟು ಮಂದಿ? ಇಲ್ಲಿಯವರು, ಟರ್ಕಿಯವರು, ಜಪಾನಿನ ಕೆಲವರು. ಮರೆವಿನ ಕಾಯಿಲೆಯ ಬಗ್ಗೆ ಬರೆಯುವವರಾದರೋ ಸಾವಿರಾರು ಜನ. ಹೀಗಾಗಿ ಮರೆವಿನ ಕಾಯಿಲೆಯ ಒಂದು ಸಾಧಾರಣ ಪ್ರಬಂಧವೂ ಉಲ್ಲೇಖದ ಲೆಕ್ಕದಲ್ಲಿ ಇದನ್ನು ಹಿಂದೆ ಹಾಕಬಹುದು. ಆದರೆ ನೀರಿನ ಬಿಸಿ ಕಡಿಮೆ ಮಾಡಿದರೆ ಅನೇಕರಿಗೆ ಮೂರ್ಛೆ ತಪ್ಪುತ್ತದೆ, ಬೇಕಾದವರಿಗೆ ಸ್ನಾನಕ್ಕೆ ಮುಂಚೆ ಮಾತ್ರೆ ಕೊಡಬಹುದು ಎಂಬ ತಿಳಿವಳಿಕೆ ನಮ್ಮ ವೈದ್ಯರಿಗೆ ಬಂದದ್ದು ಇಂಥ ಕೆಲಸದಿಂದ. (ಮಾತ್ರೆಯನ್ನು ವೈದ್ಯರೇ ಬರೆದುಕೊಡಬೇಕು. ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ.) ಗುಣವಾಗಿ ಮನೆಗೆ ಹೋದ ರೋಗಿ ಯಾವ ಸೈಟೇಶನ್ ಪಟ್ಟಿಯಲ್ಲೂ ಸೇರುವುದಿಲ್ಲ.

ಹಾಗೆಂದು ಉಲ್ಲೇಖಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಕೆಲಸ ಯಾರಿಂದ ಯಾರಿಗೆ ಮುಂದುವರಿಯಿತು ಎಂಬ ಜಾಡು ಸಿಗುವುದು ಅದರಿಂದಲೇ. ಇದೇ ಕಾಯಿಲೆ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಅದರ ಅನುವಂಶಿಕ ಮೂಲ ಹುಡುಕುತ್ತ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ಸತೀಶ್ಚಂದ್ರ ಅವರೊಂದಿಗೆ 2009ರಲ್ಲಿ ಪ್ರಬಂಧ ಪ್ರಕಟಿಸಿತು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಶುರುವಾದದ್ದು ಕ್ರೋಮೋಸೋಮಿನವರೆಗೆ ಹೋಯಿತು.

ಇನ್ನು ಎಚ್-ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಶ್ ಸೂಚಿಸಿದ ಲೆಕ್ಕ ಇದು. ಒಬ್ಬರ 10 ಪ್ರಬಂಧಗಳಿಗೆ ತಲಾ ಕನಿಷ್ಠ 10 ಉಲ್ಲೇಖ ಇದ್ದು, 11 ಪ್ರಬಂಧಗಳಿಗೆ ತಲಾ 11 ಇಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ 10. ಮೂರೇ ಪ್ರಬಂಧ ಬರೆದವರಿಗೆ, ಒಂದೊಂದಕ್ಕೆ ಸಾವಿರ ಉಲ್ಲೇಖ ಬಂದರೂ, ಅದು ಮೂರನ್ನು ದಾಟದು. ವಯಸ್ಸಾದಂತೆ ಏರಬಹುದೇ ಹೊರತು ಇಳಿಯುವುದಿಲ್ಲ. ಆದ್ದರಿಂದ 23 ವರ್ಷದ ಅರ್ಜಿದಾರರನ್ನು ಇದರಿಂದ ಅಳೆಯುವುದು ಸರಿಯಲ್ಲ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಇಡೀ ಪತ್ರಿಕೆಯ ಸರಾಸರಿಯೇ, ನಿಮ್ಮ ಪ್ರಬಂಧದ ಅಂಕವಲ್ಲ.

ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳ ಮೇಲ್ ಹಲವರಿಗೆ ಬರುತ್ತಿರುತ್ತದೆ. ಅಪ್ಪ ಸಾಲ ಮಾಡಿ ತಂದ ದುಡ್ಡನ್ನು ದಯವಿಟ್ಟು ಅದಕ್ಕೆ ಹಾಕಬೇಡಿ. ಯುಜಿಸಿಯ 2022ರ ನಿಯಮಗಳಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಮೊದಲೇ ಲೇಖನ ಪ್ರಕಟವಾಗಿರಬೇಕೆಂಬ ಕಡ್ಡಾಯವನ್ನು ತೆಗೆಯಲಾಗಿದೆ. ನಿಮ್ಮ ವಿಶ್ವವಿದ್ಯಾಲಯ ಬೇರೆ ಏನಾದರೂ ಕೇಳುತ್ತದೆಯೇ ಎಂದು ಮಾರ್ಗದರ್ಶಕರನ್ನು ವಿಚಾರಿಸಿ.

ವಿದ್ಯಾರ್ಥಿವೇತನದ ಹಣ ದಾನಿಗಳು ನಮ್ಮ ಕೈಗಿಟ್ಟ ಅಮಾನತ್. ಬರೀ ಸಂಖ್ಯೆ ನೋಡಿ ಹಂಚುವಂಥದ್ದಲ್ಲ. ಪ್ರಬಂಧ ಇಲ್ಲದವರು ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆಯಿರಿ, ಸಂಕೋಚ ಬೇಡ. ಇದ್ದವರು ಒಂದನ್ನು ಆರಿಸಿ, ಅದರಲ್ಲಿ ನಿಮ್ಮ ಕೈಕೆಲಸ ಎಷ್ಟು ಎಂಬುದನ್ನು ಅರ್ಧ ಪುಟದಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಲಗತ್ತಿಸಿ. ಸೈಟೇಶನ್ ಸಂಖ್ಯೆ ಕೊಡುವುದಾದರೆ ಎಲ್ಲಿಂದ, ಯಾವ ದಿನ ತೆಗೆದದ್ದೆಂದು ನಮೂದಿಸಿ. ಗೂಗಲ್ ಸ್ಕಾಲರ್‌ನ ಸಂಖ್ಯೆ ಸಾಮಾನ್ಯವಾಗಿ ಸ್ಕೋಪಸ್‌ನದಕ್ಕಿಂತ ಹೆಚ್ಚಿರುತ್ತದೆ.