ಮದರ್‌ಬೋರ್ಡಿನ ಆಯ್ಕೆ

ಗಣಕಯಂತ್ರದ ಭಾಗಗಳನ್ನೆಲ್ಲ ಒಂದುಗೂಡಿಸುವ ಫಲಕವೇ ಮದರ್‌ಬೋರ್ಡ್. ಈಥರ್ ಎಂಬ ಕ್ರಿಪ್ಟೋ ನಾಣ್ಯವನ್ನು ಗಳಿಸಬಯಸಿದವರ ಯಂತ್ರಗಳು ಹಗಲಿರುಳೂ ಲೆಕ್ಕ ಮಾಡಬೇಕಾಗಿತ್ತು. ಇದಕ್ಕೆ ‘ಮೈನಿಂಗ್’ ಎಂದು ಹೆಸರು. ಈ ಲೆಕ್ಕವನ್ನು ಮಾಡುತ್ತಿದ್ದವು, ಚಿತ್ರಗಳನ್ನು ಮೂಡಿಸಲೆಂದು ನಿರ್ಮಿತವಾದ ಗ್ರಾಫಿಕ್ಸ್ ಕಾರ್ಡುಗಳು. ಲೆಕ್ಕವೆಲ್ಲ ಕಾರ್ಡಿನೊಳಗೇ ನಡೆಯುವುದರಿಂದ ಅದಕ್ಕೂ ಫಲಕಕ್ಕೂ ನಡುವೆ ಸಾಗುವ ಮಾಹಿತಿ ಅಲ್ಪ. ಕಿರಿದಾದ ಸ್ಲಾಟೇ ಸಾಕು. ಆದುದರಿಂದ ಫಲಕವನ್ನು ಆರಿಸುವಾಗ ಸ್ಲಾಟಿನ ವೇಗಕ್ಕಿಂತ ಸ್ಲಾಟುಗಳ ಸಂಖ್ಯೆಯೇ ಮುಖ್ಯವಾಯಿತು. 2017ರಲ್ಲಿ ತೈವಾನಿನ ಆಸುಸ್ ಸಂಸ್ಥೆಯು 19 ಸ್ಲಾಟುಗಳ ಫಲಕವನ್ನೇ ಹೊರತಂದಿತು. ರೈಸರ್ ಎಂಬ ಕೊಂಡಿಗಳ ನೆರವಿನಿಂದ ಕಾರ್ಡುಗಳನ್ನು ಗಾಳಿಯಾಡುವಂತೆ ದೂರದೂರ ನಿಲ್ಲಿಸುತ್ತಿದ್ದರು.

ಆದರೆ 2022ರ ಸೆಪ್ಟೆಂಬರ್ 15ರಂದು ಈಥೀರಿಯಮ್ ಜಾಲವು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಈಥರ್ ಗಳಿಕೆಗೆಂದು ಕೊಂಡ ಫಲಕಗಳು ಒಂದೇ ದಿನದಲ್ಲಿ ಆ ಕೆಲಸವನ್ನು ಕಳೆದುಕೊಂಡವು. ಉಪಕರಣವನ್ನು ಆರಿಸುವವರು ಅದು ಕೆಲಸಕ್ಕೆ ಒಪ್ಪುವುದೇ ಎಂಬುದರ ಜೊತೆಗೆ, ಆ ಕೆಲಸವು ಎಷ್ಟು ಕಾಲ ಉಳಿದೀತು ಎಂಬುದನ್ನೂ ವಿವೇಚಿಸಬೇಕು.