ಭೂಮಾಪನದ ಅಂಕಿಗಳು: ಪರಿವರ್ತನೆ ಮತ್ತು ಅದರ ಮಿತಿ

ಭೂಮಿಯ ಅಳತೆಯೆಂಬುದು ಬೇಸಾಯವನ್ನೇ ನೆಚ್ಚಿದ ನಮ್ಮ ಸೀಮೆಗೆ ಹೊಸ ವಿಷಯವಲ್ಲ. ಮೂವತ್ತಮೂರು ಅಡಿಯ ಸರಪಣಿ, ಅದರ ಹದಿನಾರು ಆಣೆಗಳು, ಒಂದು ಸರಪಣಿ ಉದ್ದ ಒಂದು ಸರಪಣಿ ಅಗಲದ ಗುಂಟೆ, ನಲವತ್ತು ಗುಂಟೆಯ ಎಕರೆ - ಇವು ಮೇಲೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿರಿಯರಿಗೆ ಬಾಯಿಪಾಠವಾದ ಲೆಕ್ಕಗಳು. ಈಗ ಸರಪಣಿಯ ಸ್ಥಾನಕ್ಕೆ ಉಪಗ್ರಹ ಬಂದಿದೆ. ಕೈಯಲ್ಲಿನ ಮೊಬೈಲ್ ಫೋನು ನಾವು ನಿಂತ ನೆಲದ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಆರನೆಯ ಸ್ಥಾನದವರೆಗೂ ಹೇಳುತ್ತದೆ. ಹಳೆಯ ನಕ್ಷೆಯ ಅಂಕಿಗಳನ್ನು ಹೊಸ ಪದ್ಧತಿಗೆ ಕ್ಷಣಮಾತ್ರದಲ್ಲಿ ಪರಿವರ್ತಿಸಿ ಕೊಡುವ ಗಣಕಯಂತ್ರದ ಸಾಧನಗಳೂ ಉಂಟು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತ ನೆರೆಹೊರೆಯವರಿಬ್ಬರು ಇಂಥ ಅಂಕಿಗಳನ್ನೇ ಸಾಕ್ಷಿಯಾಗಿಟ್ಟು ವಾದಿಸಿದರೆ, ಆ ಸಾಕ್ಷಿ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಇದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದೇ ಪದ್ಯವನ್ನು ಅಕ್ಷರಗಣದಿಂದ ಎಣಿಸಿದರೆ ಒಂದು ಲೆಕ್ಕ, ಮಾತ್ರಾಗಣದಿಂದ ಎಣಿಸಿದರೆ ಇನ್ನೊಂದು ಲೆಕ್ಕ. ಪದ್ಯ ಬದಲಾಗುವುದಿಲ್ಲ, ಎಣಿಕೆಯ ಆಧಾರ ಬದಲಾಗುತ್ತದೆ. ಭೂಮಿಯ ಮೇಲಿನ ಸ್ಥಾನವೂ ಹಾಗೆಯೇ. ಭೂಮಿಯು ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳವೆಂಬುದನ್ನು ಬಲ್ಲೆವು. ಅದಕ್ಕೆ ಗಣಿತಜ್ಞರು ಒಂದು ಆಕೃತಿಯನ್ನು ಗೊತ್ತುಮಾಡಿಕೊಂಡು, ಆ ಆಕೃತಿಯನ್ನು ಭೂಮಿಗೆ ಯಾವ ಬಗೆಯಲ್ಲಿ ಹೊಂದಿಸಬೇಕೆಂದು ನಿರ್ಣಯಿಸುತ್ತಾರೆ. ಈ ಆಧಾರಕ್ಕೆ ಭೂಮಾಪಕರು ‘ಡೇಟಮ್’ ಎನ್ನುತ್ತಾರೆ. ಡೇಟಮ್ ಯಾವುದೆಂದು ಹೇಳದ ಅಕ್ಷಾಂಶ ರೇಖಾಂಶಗಳು ಛಂದಸ್ಸನ್ನು ಹೇಳದ ಎಣಿಕೆಯಂತೆ ಅಪೂರ್ಣವಾದುವು.

ನಮ್ಮ ದೇಶದ ಹಳೆಯ ಡೇಟಮ್ಮಿನ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆಯಿಸಿದನು. 1802ರಲ್ಲಿ ಮದರಾಸಿನಲ್ಲಿ ಅಳೆದ ರೇಖೆಯಿಂದ ತ್ರಿಕೋನಗಳ ಸರಪಣಿಯನ್ನು ಕಟ್ಟುತ್ತ ಬಂದು, ಅದನ್ನು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಏಳು ಮೈಲಿಗೂ ಮಿಕ್ಕ ರೇಖೆಯನ್ನು ಅಳೆಯಲಾಯಿತು. ಗಣಿತದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಕಂಡ ಅಂತರ ನಾಲ್ಕು ಅಂಗುಲಕ್ಕಿಂತ ಕಡಮೆ. ಲ್ಯಾಂಬ್ಟನ್ನನ ತರುವಾಯ ಜಾರ್ಜ್ ಎವರೆಸ್ಟ್ ಈ ಕಾರ್ಯವನ್ನು ಉತ್ತರಕ್ಕೆ ಮುಂದುವರಿಸಿದನು. 1830ರಲ್ಲಿ ಅವನು ನಿರ್ಣಯಿಸಿದ ಗೋಳಾಕೃತಿಯೂ ಮಧ್ಯಪ್ರದೇಶದ ಕಲ್ಯಾಣಪುರದ ಮೂಲಬಿಂದುವೂ ಸೇರಿ ಭಾರತದ ನಕ್ಷೆಗಳಿಗೆ ತಳಹದಿಯಾದುವು.

ಉಪಗ್ರಹಗಳ ಡೇಟಮ್ 1984ರ ಜಾಗತಿಕ ಪದ್ಧತಿ. ಇದನ್ನು ‘ಡಬ್ಲ್ಯುಜಿಎಸ್ 84’ ಎನ್ನುವರು. 2005ರ ರಾಷ್ಟ್ರೀಯ ನಕ್ಷಾನೀತಿಯ ಪ್ರಕಾರ ಭಾರತೀಯ ಸರ್ವೇಕ್ಷಣಾ ಇಲಾಖೆಯ ಸಾರ್ವಜನಿಕ ನಕ್ಷೆಗಳೂ ಈ ಪದ್ಧತಿಗೆ ಬಂದುವು. ಇದರ ಆಕೃತಿಯ ಸಮಭಾಜಕ ತ್ರಿಜ್ಯ 63,78,137 ಮೀಟರ್. ಎವರೆಸ್ಟನ ಆಕೃತಿಯದು ಇದಕ್ಕಿಂತ ಸುಮಾರು 836 ಮೀಟರ್ ಕಡಮೆ. ಇದರ ಕೇಂದ್ರ ಭೂಮಿಯ ಕೇಂದ್ರವೇ. ಎವರೆಸ್ಟನದು ಭಾರತಕ್ಕೆ ಚೆನ್ನಾಗಿ ಹೊಂದುವಂತೆ ಇರಿಸಿದುದರಿಂದ ಅದರ ಕೇಂದ್ರ ಅಲ್ಲಿಂದ ಸರಿದಿದೆ.

ಭಾರತ ಮತ್ತು ನೇಪಾಳಗಳಿಗಾಗಿ ಅಮೆರಿಕದ ರಕ್ಷಣಾ ನಕ್ಷಾ ಸಂಸ್ಥೆ ಪ್ರಕಟಿಸಿದ ಪರಿವರ್ತನೆಯಲ್ಲಿ ಈ ಸರಿತವನ್ನು ಮೂರು ದಿಕ್ಕುಗಳಲ್ಲಿ 295, 736, 257 ಮೀಟರ್ ಎಂದು ಕೊಟ್ಟಿದೆ. ಈ ಮೂರು ಅಂಕಿಗಳ ಪಕ್ಕದಲ್ಲಿಯೇ ಇನ್ನೂ ಮೂರು ಅಂಕಿಗಳಿವೆ: ಅನುಕ್ರಮವಾಗಿ 12, 10, 15 ಮೀಟರುಗಳಷ್ಟು ಹೆಚ್ಚುಕಡಮೆಯಾಗಬಹುದು ಎಂಬ ಸೂಚನೆ. ಇಷ್ಟು ವಿಶಾಲ ಪ್ರದೇಶಕ್ಕೆ ಏಳೇ ಸ್ಥಾನಗಳ ವೀಕ್ಷಣೆಯಿಂದ ಇವನ್ನು ನಿರ್ಣಯಿಸಲಾಗಿದೆ. ಮೂರನ್ನೂ ಕೂಡಿ ನೋಡಿದರೆ ಸಂಶಯದ ಪ್ರಮಾಣ ಸುಮಾರು 22 ಮೀಟರ್. ಗುಂಟೆಯ ಒಂದು ಬದಿ ಹತ್ತು ಮೀಟರ್ ಮಾತ್ರ. ಅಂದರೆ ಈ ಪರಿವರ್ತನೆಯಿಂದ ಗುರುತಿಸಿದ ಗಡಿ ಎರಡು ಗುಂಟೆಯ ಅಗಲದಷ್ಟು ಆಚೆಗೋ ಈಚೆಗೋ ಬೀಳಬಹುದು.

ಪರಿವರ್ತನೆಯನ್ನೇ ಬಿಟ್ಟರಂತೂ ತಪ್ಪು ಇನ್ನೂ ದೊಡ್ಡದು. ಮೇಲಿನ ಅಂಕಿಗಳಿಂದ ಗುಣಿಸಿ ನೋಡಿದರೆ, ಮೇಲೂರಿನ ಒಂದೇ ಬಿಂದುವಿನ ಹಳೆಯ ಹೊಸ ನಿರ್ದೇಶಾಂಕಗಳಿಗೆ ಉತ್ತರಕ್ಕೆ ಸುಮಾರು 150 ಮೀಟರ್, ಪಶ್ಚಿಮಕ್ಕೆ ಸುಮಾರು 130 ಮೀಟರ್ ಅಂತರ ಬರುತ್ತದೆ. ಮೇಲೂರಿನ ರೇಖಾಂಶಕ್ಕೆ ಸಮೀಪದಲ್ಲಿಯೇ, ಸುಮಾರು 1,200 ಕಿಲೋಮೀಟರ್ ಉತ್ತರಕ್ಕಿರುವ ಕಲ್ಯಾಣಪುರದಲ್ಲಿ ಉತ್ತರದ ಅಂತರ 50 ಮೀಟರಿನಷ್ಟೇ. ಒಂದೂರಿನಲ್ಲಿ ಕಂಡ ವ್ಯತ್ಯಾಸವನ್ನು ಇನ್ನೊಂದೂರಿಗೆ ಹಾಗೆಯೇ ಕೂಡಿಸಲಾಗದೆಂಬುದು ಇದರಿಂದ ಸ್ಪಷ್ಟ.

ಇಪ್ಪತ್ತೆರಡು ಮೀಟರಿನ ಸಂಶಯವನ್ನು ಉತ್ತಮ ಸೂತ್ರದಿಂದ ನೀಗಲಾಗದೆ ಎಂದು ಕೇಳಬಹುದು. ಸ್ಥಾನಾಂತರದ ಮೂರು ಅಂಕಿಗಳೊಡನೆ ತಿರುವಿನ ಮೂರನ್ನೂ ಪ್ರಮಾಣದ ಒಂದನ್ನೂ ಸೇರಿಸಿದ ಏಳು ಅಂಕಿಗಳ ಸೂತ್ರವುಂಟು; ಅದರಿಂದ ಸ್ವಲ್ಪಮಟ್ಟಿಗೆ ಗುಣವೂ ಉಂಟು. ಆದರೆ ತ್ರಿಕೋನದಿಂದ ತ್ರಿಕೋನಕ್ಕೆ ಸಾಗಿಬಂದ ಸಣ್ಣ ದೋಷಗಳು ಎಲ್ಲೆಡೆಯೂ ಒಂದೇ ಸಮನಾಗಿ ಹರಡಿಲ್ಲ. ಹಿಮಾಲಯದ ಭಾರ ತೂಗುಗುಂಡಿನ ನೂಲನ್ನೇ ತನ್ನ ಕಡೆಗೆ ಸೆಳೆಯುವುದೆಂಬ ವಿಚಾರವನ್ನು 1855ರಲ್ಲಿ ಜಾನ್ ಪ್ರ್ಯಾಟ್ ಗಣಿತದಿಂದ ಪರಿಶೀಲಿಸಿದನು. ಇಂಥ ಅಸಮ ದೋಷಗಳನ್ನು ದೇಶಕ್ಕೆಲ್ಲ ಒಂದೇ ಆದ ಯಾವ ಸೂತ್ರವೂ ಪೂರ್ಣವಾಗಿ ತೊಡೆಯಲಾರದು.

ತಾಳೆಗರಿಯ ಓಲೆಯಲ್ಲಿ ಹುಳು ತಿಂದ ಅಕ್ಷರಗಳು ಅಚ್ಚಿನ ಮೊಳೆ ಅಂದವಾಗಿದೆಯೆಂಬ ಕಾರಣಕ್ಕೆ ಮರಳಿ ಬರುವುದಿಲ್ಲ. ಮೂಲದ ಅಳತೆಯಲ್ಲಿಲ್ಲದ ನಿಖರತೆಯೂ ಪರಿವರ್ತನೆಯಿಂದ ಹುಟ್ಟುವುದಿಲ್ಲ. ದಶಮಾಂಶದ ಆರನೆಯ ಸ್ಥಾನವು ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಬಯಲಿನಲ್ಲಿ ಹಿಡಿದ ಸಾಮಾನ್ಯ ಫೋನಿನ ಅಳತೆಯೇ ಸುಮಾರು ಐದು ಮೀಟರ್ ಅತ್ತಿತ್ತ ಇರುತ್ತದೆ. ಹೀಗಿರಲು ಆ ಕೊನೆಯ ಅಂಕಿಗಳು ಯಂತ್ರದ ಬರವಣಿಗೆಯೇ ಹೊರತು ನೆಲದ ಮಾತಲ್ಲ.

ಗ್ರಾಮನಕ್ಷೆಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಸರಪಣಿಯಿಂದ ಅಳೆದ ಟಿಪ್ಪಣಿಯಲ್ಲಿರುವುದು ಕಲ್ಲಿನಿಂದ ಕಲ್ಲಿಗಿರುವ ಅಂತರ; ಅಕ್ಷಾಂಶ ರೇಖಾಂಶಗಳಲ್ಲ. ಪರಿವರ್ತಿಸುವುದಕ್ಕೆ ಅದರಲ್ಲಿ ಡೇಟಮ್ಮೇ ಇಲ್ಲ. ಅದನ್ನು ಹೊಸ ಪದ್ಧತಿಗೆ ತರಬೇಕಾದರೆ ನೆಲದ ಮೇಲೆ ಉಳಿದಿರುವ ಹದ್ದುಗಲ್ಲುಗಳನ್ನು ಹುಡುಕಿ, ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಿರ ಉಪಗ್ರಹ ಕೇಂದ್ರಗಳ ನೆರವಿನಿಂದ ಅವನ್ನು ಸೆಂಟಿಮೀಟರುಗಳ ಮಟ್ಟದಲ್ಲಿ ಅಳೆದು, ನಕ್ಷೆಯನ್ನು ಅವಕ್ಕೆ ಹೊಂದಿಸಬೇಕು. ಹೊಂದಿಕೆಗೆ ಬಳಸದೆ ಉಳಿಸಿಕೊಂಡ ಕೆಲವು ಕಲ್ಲುಗಳ ಮೇಲೆ ಫಲವನ್ನು ಪರೀಕ್ಷಿಸಬೇಕು. ಅಲ್ಲಿ ಕಂಡ ಅಂತರವೇ ನಿಜವಾದ ನಿಖರತೆ. ಅಳೆದ ವರ್ಷವನ್ನೂ ಬರೆದಿಡುವುದು ಅಗತ್ಯ. ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿರುವುದರಿಂದ ಇಪ್ಪತ್ತು ವರ್ಷಗಳಲ್ಲಿ ಜಾಗತಿಕ ನಿರ್ದೇಶಾಂಕ ಒಂದು ಮೀಟರಿನಷ್ಟು ಬದಲಾಗುತ್ತದೆ.

ಆದುದರಿಂದ ಹದ್ದುಗಲ್ಲನ್ನು ಕಿತ್ತವನು ನೆರೆಯವನಿಗೆ ಮಾತ್ರವಲ್ಲ, ಮುಂದಿನ ಎಲ್ಲ ಅಳತೆಗೂ ಕೇಡುಮಾಡಿದಂತೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಗಡಿಗುರುತುಗಳಿಗೆ ರಕ್ಷಣೆ ಕೊಟ್ಟಿರುವುದು ಸಕಾರಣವಾಗಿಯೇ ಇದೆ. ಯಾರಾದರೂ ನಿರ್ದೇಶಾಂಕಗಳನ್ನು ಮುಂದಿಟ್ಟಾಗ ಮೂರು ಪ್ರಶ್ನೆಗಳನ್ನು ಕೇಳುವುದು ವಿಹಿತ: ಇದು ಯಾವ ಡೇಟಮ್ಮಿನದು? ಯಾವ ವರ್ಷದ್ದು? ಎಷ್ಟು ಮೀಟರಿನ ಹೆಚ್ಚುಕಡಮೆಯುಳ್ಳದ್ದು? ಉತ್ತರ ದೊರೆಯುವವರೆಗೆ ಬೇಲಿಯನ್ನು ಕದಲಿಸದಿರುವುದೇ ಲೇಸು. ಉಪಾಧ್ಯಾಯರು ಶಾಲಾ ಮೈದಾನದ ಒಂದು ಮೂಲೆಯನ್ನು ಗೊತ್ತುಮಾಡಿ, ಹತ್ತು ದಿನ ಹತ್ತು ಹೊತ್ತಿನಲ್ಲಿ ಫೋನು ತೋರಿಸುವ ಅಂಕಿಗಳನ್ನು ಮಕ್ಕಳಿಂದ ಬರೆಯಿಸಿದರೆ ಸಾಕು. ಅಂಕಿಗಳು ಒಂದರೊಡನೊಂದು ಕೂಡದಿರುವುದನ್ನು ಕಂಡ ಮಕ್ಕಳಿಗೆ ಈ ಲೇಖನದ ತಾತ್ಪರ್ಯವನ್ನು ಬೇರೆಯಾಗಿ ಬೋಧಿಸಬೇಕಾದುದಿಲ್ಲ.